ಹಳೆಯ ಎಂಜಿನ್ ಆಯಿಲ್ ಡೀಸೆಲ್‌ಗೆ ಬೆರೆಸಬಹುದೇ?

ಟ್ರ್ಯಾಕ್ಟರ್‌ನಿಂದ ಇಳಿಸಿದ ಹಳೆಯ ಎಂಜಿನ್ ಆಯಿಲನ್ನು ಡೀಸೆಲ್ ಪಂಪ್‌ಸೆಟ್‌ಗೆ ಬೆರೆಸಬಹುದೇ ಎಂದು ಕೇಳಿದ್ದೀರಿ. ಎಂಜಿನ್ ಓಡುತ್ತದೆ, ಅನುಮಾನವಿಲ್ಲ. ಹಾಗೆ ಓಡುವುದೇ ಮೋಸ. ಆ ಎಣ್ಣೆಯಲ್ಲಿ ಮಸಿ, ಸವೆದ ಲೋಹದ ಪುಡಿ, ನೀರಿನ ಪಸೆ ಇರುತ್ತವೆ. ಜೊತೆಗೆ ಕ್ಯಾಲ್ಸಿಯಂ, ಸತುವಿನ ಸಂಯುಕ್ತಗಳು. ಬಟ್ಟೆಯಲ್ಲಿ ಸೋಸಿದರೆ ಕಸ ನಿಂತೀತು, ಈ ಸಂಯುಕ್ತಗಳು ನಿಲ್ಲುವುದಿಲ್ಲ. ಉರಿದು ಬೂದಿಯಾಗಿ ವಾಲ್ವಿಗೂ ಪಿಸ್ಟನ್ ತಲೆಗೂ ಅಂಟುತ್ತವೆ.

ಒಮ್ಮೆ ನಾನೂ ಹತ್ತಕ್ಕೆ ಒಂದರಂತೆ ಬೆರೆಸಿದ್ದೆ (ಜಿಪುಣತನ, ಬೇರೇನಲ್ಲ). ನಾಜಲ್ ಬಿಚ್ಚಿದರೆ ತುದಿಯಲ್ಲಿ ತಳ ಹಿಡಿದ ಪಾತ್ರೆಯಂಥ ಕರಿ ಹಕ್ಕಳೆ. ಮಂಜಿನಂತೆ ಚಿಮ್ಮಬೇಕಾದ ಡೀಸೆಲ್ ತೊಟ್ಟಿಕ್ಕುತ್ತಿತ್ತು. ಅತಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ಬಗೆಯ ಕಾಮನ್‌ರೈಲ್ ಎಂಜಿನ್‌ಗಂತೂ ಹಾಕಲೇಬೇಡಿ.

ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಈ ಹಳೆಯ ಎಣ್ಣೆ ಅಪಾಯಕಾರಿ ತ್ಯಾಜ್ಯ. ಡಬ್ಬದಲ್ಲಿ ಕೂಡಿಡಿ, ಪರವಾನಗಿ ಇರುವ ಮರುಸಂಸ್ಕರಣೆಯವರಿಗೆ ಕೊಡಿ.