ಮಾತಾಡುವುದು ಬೇರೆ, ಮಾತಾಡಿಸುವುದು ಬೇರೆ

ಓದುಗರ ಪತ್ರ: "ಸಂಪಾದಕರೇ, ನಾನು ನಿವೃತ್ತ ಶಿಕ್ಷಕಿ. ಹೋದ ತಿಂಗಳು ನನ್ನ ಹುಟ್ಟುಹಬ್ಬ ಇತ್ತು. ವಾಟ್ಸಾಪ್‌ನಲ್ಲಿ 140 ಶುಭಾಶಯ ಬಂದವು. ನಾನೂ ಎಲ್ಲರಿಗೂ ಕೈಮುಗಿದ ಚಿತ್ರ ಕಳಿಸಿದೆ. ಫೋನ್ ಮಾತ್ರ ಒಂದೂ ಬರಲಿಲ್ಲ. ಮಗನೂ ಮೆಸೇಜ್ ಹಾಕಿ ಸುಮ್ಮನಾದ. ಒಬ್ಬಳು ಹಳೇ ಗೆಳತಿ ಇದ್ದಾಳೆ, ಮೂರು ವರ್ಷದಿಂದ ದಿನಾ ಬೆಳಿಗ್ಗೆ ಆರಕ್ಕೆ ಒಂದು ಹೂವಿನ ಚಿತ್ರ ಕಳಿಸುತ್ತಾಳೆ. ಈಗೀಗ ನೋಡದೇ ಅಳಿಸಿಬಿಡುತ್ತೇನೆ. ಇಷ್ಟೆಲ್ಲ ಜನ ಇದ್ದೂ ರಾತ್ರಿ ಮನೆ ಬಿಕೋ ಅನ್ನುತ್ತದೆ. ಇದು ತಂತ್ರಜ್ಞಾನದ ತಪ್ಪಾ, ನನ್ನ ವಯಸ್ಸಿನ ತಪ್ಪಾ?"

ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ, "ಫೋನ್ ಮಾತ್ರ ಒಂದೂ ಬರಲಿಲ್ಲ" ಅನ್ನುವ ಸಾಲಿನ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದೆ. 140 ಜನ ನಿಮ್ಮನ್ನು ನೆನೆದರು. ಒಬ್ಬರೂ ಮಾತಾಡಿಸಲಿಲ್ಲ.

ಮಾತಾಡಿಸು. ಈ ಪದದ ಮೇಲೆ ನನಗೆ ಮೊದಲಿಂದಲೂ ಪ್ರೀತಿ. ಮಾತಾಡುವುದಕ್ಕೆ ಒಬ್ಬರೇ ಸಾಕು. ಮಾತಾಡಿಸಬೇಕಾದರೆ ಎದುರಿಗೆ ಇನ್ನೊಬ್ಬರಿರಬೇಕು, ಅವರು ಬಾಯಿ ಬಿಡಬೇಕು. "ಇಲ್ಲೇ ಹೋಗ್ತಿದ್ದೆ, ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ" ಅನ್ನುತ್ತೇವಲ್ಲ, ಹಾಗೆ ಬಂದವರಿಗೆ ಹೇಳುವುದಕ್ಕೆ ಏನೂ ಇರುವುದಿಲ್ಲ. ನಿಮ್ಮ ಬಾಯಿಂದ ನಾಲ್ಕು ಮಾತು ಕೇಳುವುದೇ ಬಂದ ಕೆಲಸ. ಸಿಟ್ಟಾದಾಗಲೂ ಅಷ್ಟೆ, "ಎದುರಿಗೆ ಸಿಕ್ಕರೂ ಮಾತಾಡಿಸಲಿಲ್ಲ" ಅಂತಲೇ ನಾವು ನೊಂದುಕೊಳ್ಳುವುದು. ಕೈಯಲ್ಲಿರುವ ಈ ಯಂತ್ರ ಮಾತಾಡಲು ನೂರು ದಾರಿ ಮಾಡಿಕೊಟ್ಟಿದೆ. ಮಾತಾಡಿಸುವ ರೂಢಿಯನ್ನು ತಪ್ಪಿಸಿದೆ. ನಿಮ್ಮ ನೋವಿನ ಬೇರು ಅಲ್ಲೇ ಇದೆ ಅಂತ ನಾನು ನಂಬುತ್ತೇನೆ.

ವಯಸ್ಸಿನ ವಿಷಯ ಮೊದಲು ಮುಗಿಸಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಒಂದು ವರದಿ ತಂದಿತು. ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಅನ್ನುತ್ತದೆ ಅದು. ಎಲ್ಲರಿಗಿಂತ ಜಾಸ್ತಿ ಕಾಡುತ್ತಿರುವುದು ಹದಿಹರೆಯದ ಮಕ್ಕಳನ್ನು. ಕಣ್ಣು ಬಿಟ್ಟಾಗಿಂದ ಫೋನ್ ನೋಡಿದ ಮಕ್ಕಳು ಅವರು. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ವಿಷಯ ನೋಡಿಕೊಳ್ಳಲು ಮಂತ್ರಿಗಳನ್ನೇ ನೇಮಿಸಿದವು. ಬರೀ ನಿಮ್ಮ ವಯಸ್ಸಿನವರ ಗೋಳಾಗಿದ್ದರೆ ಸರ್ಕಾರಗಳು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ವಯಸ್ಸನ್ನು ಬಯ್ಯಬೇಡಿ.

ತಂತ್ರಜ್ಞಾನದ ಪರವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ. ಕಿವಿ ಕೇಳಿಸದವರಿಗೆ ಮೆಸೇಜ್ ದೊಡ್ಡ ವರ. ದೂರದಲ್ಲಿರುವ ಮೊಮ್ಮಗುವಿನ ಮುಖ ವಿಡಿಯೋ ಕಾಲ್‌ನಲ್ಲಾದರೂ ಕಾಣುತ್ತದೆ. 1998ರಲ್ಲಿ ಅಮೆರಿಕದ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು, ಮೊದಲ ಸಲ ಇಂಟರ್ನೆಟ್ ಹೊಕ್ಕ 73 ಮನೆಗಳ ಅಧ್ಯಯನ ಪ್ರಕಟಿಸಿದರು. ಜಾಸ್ತಿ ಬಳಸಿದವರು ಮನೆಯವರೊಂದಿಗೆ ಮಾತು ಕಡಿಮೆ ಮಾಡಿದ್ದರು, ಒಂಟಿತನ ಕೊಂಚ ಏರಿತ್ತು. ಕೆಲವು ವರ್ಷ ಕಳೆದು ಅದೇ ಜನರನ್ನು ನೋಡಿದರೆ ಆ ಕೆಡುಕು ಬಹುಪಾಲು ಇಳಿದುಹೋಗಿತ್ತು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಅದೇ ತಂಡ 2002ರಲ್ಲಿ ಇನ್ನೊಂದು ಸಂಗತಿಯನ್ನೂ ಬರೆಯಿತು. ಜನರ ಜೊತೆ ಸುಲಭವಾಗಿ ಬೆರೆಯುವವರಿಗೆ ಇಂಟರ್ನೆಟ್‌ನಿಂದ ಒಳ್ಳೆಯದಾಗಿತ್ತು. ಸಂಕೋಚದವರು ಇನ್ನಷ್ಟು ಒಂಟಿಯಾಗಿದ್ದರು. ಬಾವಿಯಲ್ಲಿ ನೀರಿದ್ದವರಿಗೆ ಹಗ್ಗ ಸಿಕ್ಕ ಹಾಗೆ. ಬಾವಿ ಬತ್ತಿದವರು ಹಗ್ಗ ಹಿಡಿದು ಏನು ಮಾಡಬೇಕು?

ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿರುವುದು ಬೇರೊಂದು ಪ್ರಯೋಗ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಲೆಸ್ಲಿ ಸೆಲ್ಟ್‌ಜರ್ ಮತ್ತು ಜೊತೆಯವರು ಮಾಡಿದ್ದು, 2012ರಲ್ಲಿ ಪ್ರಕಟವಾಯಿತು. ಪುಟ್ಟ ಹುಡುಗಿಯರನ್ನು ಗುರುತಿಲ್ಲದವರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿದರು, ಲೆಕ್ಕ ಕೇಳಿದರು. ನೀವು ಟೀಚರ್, ಆ ಮಕ್ಕಳ ಬೆವರಿದ ಅಂಗೈ ನಿಮಗೆ ಗೊತ್ತು. ಆಮೇಲೆ ಕೆಲವರನ್ನು ಅಮ್ಮನ ಹತ್ತಿರ ಬಿಟ್ಟರು. ಕೆಲವರಿಗೆ ಅಮ್ಮನ ಫೋನ್. ಕೆಲವರಿಗೆ ಅಮ್ಮನಿಂದ ಬರೀ ಮೆಸೇಜ್. ಉಳಿದವರಿಗೆ ಏನೂ ಇಲ್ಲ. ಅಮ್ಮ ಹತ್ತಿರ ಇದ್ದ ಮಕ್ಕಳ ಆತಂಕದ ಹಾರ್ಮೋನು ಇಳಿಯಿತು, ನೆಮ್ಮದಿಯ ಹಾರ್ಮೋನು ಏರಿತು. ಫೋನ್‌ನಲ್ಲಿ ದನಿ ಕೇಳಿದವರಿಗೂ ಹಾಗೇ ಆಯಿತು. ಮೆಸೇಜ್ ಓದಿದ ಮಕ್ಕಳ ಮೈ ಮಾತ್ರ, ಅಮ್ಮನ ಸುದ್ದಿಯೇ ಇಲ್ಲದ ಮಕ್ಕಳ ಮೈಯಂತೆಯೇ ಇತ್ತು! ಬರೆದವಳು ಅದೇ ಅಮ್ಮ. ದನಿ ಇರಲಿಲ್ಲ, ಅಷ್ಟೆ. ನಿಮ್ಮ ಮಗನ ಮೆಸೇಜ್ ಯಾಕೆ ಮನಸ್ಸಿಗೆ ತಾಗಲಿಲ್ಲ ಅಂತ ಈಗ ಗೊತ್ತಾಯಿತಲ್ವಾ? ಅದು ಅವನ ಪ್ರೀತಿಯ ಕೊರತೆ ಅಂದುಕೊಳ್ಳಬೇಡಿ.

ನಮ್ಮ ಕಚೇರಿಯಲ್ಲೇ ನಡೆದದ್ದು ಹೇಳುತ್ತೇನೆ. ಚಂದಾ ವಿಭಾಗಕ್ಕೆ ಹಿರಿಯ ಚಂದಾದಾರರೊಬ್ಬರು ಪ್ರತಿ ತಿಂಗಳು ಹತ್ತನೇ ತಾರೀಖಿನ ಹೊತ್ತಿಗೆ ಫೋನ್ ಮಾಡುತ್ತಿದ್ದರು. "ಈ ಸಲದ ಸಂಚಿಕೆ ಬಂದಿಲ್ಲ." ಐದು ನಿಮಿಷ ಕಳೆದರೆ ಅದೇ ಸಂಚಿಕೆಯ ಕಥೆ ಚೆನ್ನಾಗಿಲ್ಲ ಅಂತ ತಕರಾರು ಶುರು. ಫೋನ್ ಎತ್ತುತ್ತಿದ್ದ ನಮ್ಮ ಹುಡುಗ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ವಿಳಾಸದ ಚೀಟಿ ಅಂಟಿಸುತ್ತಾ "ಹೂಂ ಸರ್, ಹೌದು ಸರ್" ಅನ್ನುತ್ತಿದ್ದ. ಒಮ್ಮೆಯೂ "ಹಾಗಾದರೆ ಸಂಚಿಕೆ ಬಂದಿದೆಯಲ್ಲ" ಅಂತ ಕೇಳಲಿಲ್ಲ.

ಆಮೇಲೆ ದೂರು ಕೇಳಲು ಯಂತ್ರ ಹಾಕಿಸಿದೆವು. ಹೊಸ ಚಂದಾಕ್ಕೆ ಒಂದನ್ನು ಒತ್ತಿ, ಸಂಚಿಕೆ ಬಾರದಿದ್ದರೆ ಎರಡನ್ನು ಒತ್ತಿ. ದೂರುಗಳು ಇಳಿದವು. ಮೀಟಿಂಗ್‌ನಲ್ಲಿ ನಾವೆಲ್ಲ ಖುಷಿಪಟ್ಟೆವು. ನಾಲ್ಕನೇ ತಿಂಗಳು ಆ ಹುಡುಗ ನನ್ನ ಮೇಜಿನ ಹತ್ತಿರ ಬಂದು ನಿಂತ. "ಸರ್, ಅವರ ಫೋನ್ ಬಂದೇ ಇಲ್ಲ" ಅಂದ. ಹಳೇ ರಿಜಿಸ್ಟರ್‌ನಲ್ಲಿ ನಂಬರ್ ಹುಡುಕಿ ಅವನೇ ಮಾಡಿದ. ಆ ಕಡೆಯಿಂದ ಹಿರಿಯರು ಅಂದರಂತೆ: "ಮಾಡಿದ್ದೆ ಕಣಪ್ಪಾ. ಒಂದು ಒತ್ತಿ, ಎರಡು ಒತ್ತಿ ಅಂತು. ನನಗೆ ಒತ್ತೋದಕ್ಕೆ ಏನೂ ಇರಲಿಲ್ಲ." ಯಂತ್ರ ತೆಗೆಸಲಿಲ್ಲ, ನಿಜ. ಆದರೆ ಅಂದಿನಿಂದ ದಿನಕ್ಕೆ ಎರಡು ಗಂಟೆ ಫೋನ್ ಮುಂದೆ ಒಬ್ಬ ಮನುಷ್ಯ ಕೂರುತ್ತಾನೆ.

ಮನುಷ್ಯರು ಮನುಷ್ಯರನ್ನು ಮಾತಾಡಿಸಲೇಬೇಕಾದ ಜಾಗಗಳು ಹೀಗೆ ಒಂದೊಂದಾಗಿ ಮುಚ್ಚುತ್ತಿವೆ. ಬ್ಯಾಂಕಿನ ಕೌಂಟರ್, ಟಿಕೆಟ್ ಕಿಟಕಿ, ದಾರಿ ಕೇಳುವುದು ಕೂಡ. ಸಮಯ ಉಳಿಯಿತು ಅನ್ನುತ್ತಾರೆ. ಉಳಿದ ಸಮಯ ಎಲ್ಲಿ ಹೋಯಿತು? ಅದೇ ಫೋನಿಗೆ ಹೋಯಿತು. ಈಗಂತೂ ನಾವು ಹೇಳಿದ್ದಕ್ಕೆ ಮನುಷ್ಯರ ಹಾಗೆ ಉತ್ತರಿಸುವ ಯಂತ್ರವನ್ನೇ ಗೆಳೆಯ ಅಂತ ಮಾರುತ್ತಿದ್ದಾರೆ, ತಿಂಗಳಿಗಿಷ್ಟು ಅಂತ ದುಡ್ಡು ತೆಗೆದುಕೊಂಡು. ಇದು ಹೊಸದೇನಲ್ಲ. 1966ರಲ್ಲೇ ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಅವರು ಎಲೈಜಾ ಅನ್ನುವ ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ ಮಾಡಿದ್ದರು. ನಾವು ಟೈಪ್ ಮಾಡಿದ್ದನ್ನೇ ಅದು ಪ್ರಶ್ನೆಯಾಗಿ ತಿರುಗಿಸಿ ಕೇಳುತ್ತಿತ್ತು. ಅದು ಬರೀ ಪ್ರೋಗ್ರಾಂ ಅಂತ ಅವರ ಸೆಕ್ರೆಟರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಾಲ್ಕು ಸಾಲು ಟೈಪ್ ಮಾಡಿದ ಮೇಲೆ ಆಕೆ, ನೀವು ಸ್ವಲ್ಪ ಹೊರಗೆ ಹೋಗುತ್ತೀರಾ ಅಂತ ಅವರನ್ನೇ ಕೇಳಿದಳು. ಕೇಳಿಸಿಕೊಳ್ಳುವವರಿಗಾಗಿ ಮನುಷ್ಯ ಅಷ್ಟು ಹಸಿದಿರುತ್ತಾನೆ. ಅದನ್ನು ಕಂಡು ವೈಜೆನ್‌ಬಾಮ್ ಬೆಚ್ಚಿದರು, ಮುಂದೆ ಕಂಪ್ಯೂಟರನ್ನು ಹೀಗೆ ನಂಬಬೇಡಿ ಅಂತ ಎಚ್ಚರಿಸುತ್ತಲೇ ಹೋದರು. ಆ ಯಂತ್ರ ನಿಮ್ಮನ್ನು ಹೊತ್ತಿಡೀ ಕೇಳಿಸಿಕೊಳ್ಳಬಹುದು ಮೇಡಂ. ನೀವು ಅದರ ಕಷ್ಟಸುಖ ವಿಚಾರಿಸುವುದು ಹೇಗೆ? ಅದಕ್ಕೆ ಕಷ್ಟವೂ ಇಲ್ಲ, ಸುಖವೂ ಇಲ್ಲ.

ಇನ್ನು ನಿಮ್ಮನ್ನು ಸ್ವಲ್ಪ ಗದರಬೇಕು. ಬೇಸರ ಮಾಡಿಕೊಳ್ಳಬೇಡಿ. ಮಕ್ಕಳನ್ನು ಗದರಿ ಅಭ್ಯಾಸ ಇರುವವರು, ಇದು ಯಾವ ಗದರಿಕೆ ಅಂತ ನಿಮಗೆ ತಿಳಿಯುತ್ತದೆ. 140 ಜನರಲ್ಲಿ ಯಾರೂ ಫೋನ್ ಮಾಡಲಿಲ್ಲ ಅಂದಿರಿ. ಅವರಲ್ಲಿ ಎಷ್ಟು ಜನರನ್ನು ನೀವಾಗಿ ಮಾತಾಡಿಸಿದ್ದೀರಿ? ಕೈಮುಗಿದ ಚಿತ್ರ ಕಳಿಸಿದಿರಲ್ಲ, ಅಲ್ಲಿಗೆ ಮಾತು ಮುಗಿಯಿತು.

ಆ ಹೂವಿನ ಗೆಳತಿಯನ್ನಂತೂ ನಾನು ಬಿಡುವುದಿಲ್ಲ. ಮೂರು ವರ್ಷ ಅಂದರೆ ಸಾವಿರದ ಮೇಲೆ ಹೂವು. ಅಷ್ಟು ಬೆಳಿಗ್ಗೆ ಒಬ್ಬಾಕೆ ನಿಮ್ಮನ್ನು ನೆನೆಯುತ್ತಾಳೆ, ನೀವು ಅಳಿಸುತ್ತೀರಿ. ನಮ್ಮ ಚಂದಾದಾರರ "ಸಂಚಿಕೆ ಬಂದಿಲ್ಲ" ಅನ್ನುವುದು ಏನಾಗಿತ್ತೋ, ಆಕೆಯ ಹೂವೂ ಅದೇ ಅಂತ ನನಗೆ ಅನ್ನಿಸುತ್ತದೆ.

ಇಷ್ಟು ವರ್ಷ ಬಿಟ್ಟು ಏಕಾಏಕಿ ಫೋನ್ ಮಾಡಿದರೆ ಮುಜುಗರ ಅಂತ ನೀವು ಹಿಂಜರಿಯಬಹುದು. ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. 2021ರಲ್ಲಿ ಅಮಿತ್ ಕುಮಾರ್, ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಜನರಿಗೆ ಹಳೇ ಸ್ನೇಹಿತರನ್ನು ಮತ್ತೆ ಸಂಪರ್ಕಿಸಲು ಹೇಳಿದರು. ಫೋನ್ ಮಾಡಿದರೆ ಮುಜುಗರ, ಈಮೇಲೇ ವಾಸಿ ಅಂದುಕೊಂಡವರೇ ಜಾಸ್ತಿ. ಫೋನ್ ಮಾಡಿದವರಿಗೆ ಅಂಥ ಮುಜುಗರ ಆಗಲೇ ಇಲ್ಲ, ಈಮೇಲ್ ಬರೆದವರಿಗಿಂತ ಹೆಚ್ಚು ಹತ್ತಿರವಾದರು.

ನಾಳೆ ಆರಕ್ಕೆ ಹೂವು ಬರುತ್ತದೆ. ಆಕೆ ಎದ್ದಿರುತ್ತಾಳೆ, ಫೋನ್ ಕೈಯಲ್ಲೇ ಇರುತ್ತದೆ. ಆರು ಗಂಟೆ ಒಂದು ನಿಮಿಷಕ್ಕೆ ಮಾಡಿ. ಏನು ಮಾತಾಡಲಿ ಅಂತ ಯೋಚಿಸಬೇಡಿ. ಇವತ್ತಿನದು ಯಾವ ಹೂವು ಅಂತ ಕೇಳಿ.

– ಸಂ.