ಥೆರೆಮಿನ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯ ಮುಟ್ಟದೇ ಹೇಗೆ ನುಡಿಯುತ್ತೆ? ಕೀಬೋರ್ಡ್ ಬರೋರಿಗೆ ಕಲಿಯೋದು ಸುಲಭನಾ?

ಎರಡನೇ ಪ್ರಶ್ನೆಗೆ ಮೊದ್ಲು ಉತ್ತರ ಹೇಳ್ಬಿಡ್ತೀನಿ, ಇಲ್ಲ, ಸುಲಭ ಅಲ್ಲ. ನಾನು ವರ್ಷಗಟ್ಟಲೆ ಕೀಬೋರ್ಡ್ ನುಡಿಸಿ ಆಮೇಲೆ ಇದರ ಮುಂದೆ ನಿಂತೋನು. ಮೊದಲನೇ ವಾರ ಪೂರ್ತಿ ಅದರಿಂದ ಬಂದಿದ್ದು ನಾಯಿ ಊಳಿಡೋ ಸದ್ದು ಅಷ್ಟೇ.

ಈಗ ಅದು ಹೇಗೆ ನುಡಿಯುತ್ತೆ ಅನ್ನೋದು. ಒಂದು ಪೆಟ್ಟಿಗೆ, ಬಲಗಡೆ ನೆಟ್ಟಗೆ ನಿಂತಿರೋ ಲೋಹದ ಕಡ್ಡಿ, ಎಡಗಡೆ ಮಲಗಿಸಿರೋ ಬಳೆ ಥರದ ಲೂಪ್. ಎರಡೂ ಆಂಟೆನಾನೇ. ಸುಮಾರು ಜನ ಇದ್ರಲ್ಲಿ ಲೇಸರ್ ಇದೆ, ಕ್ಯಾಮೆರಾ ಇದೆ ಅಂದ್ಕೋತಾರೆ, ಅಂಥದ್ದೇನಿಲ್ಲ. ಒಳಗೆ ಎರಡು ಆಸಿಲೇಟರ್, ಅಂದ್ರೆ ವಿದ್ಯುತ್ ಕಂಪನ ಹುಟ್ಟಿಸೋ ಸರ್ಕ್ಯೂಟ್ ಇರ್ತವೆ, ಎರಡೂ ನಮ್ಮ ಕಿವಿಗೆ ಕೇಳಿಸದಷ್ಟು ವೇಗವಾಗಿ ಕಂಪಿಸ್ತಿರ್ತವೆ. ಉದಾಹರಣೆಗೆ ಮೊದಲನೇದು ಸೆಕೆಂಡಿಗೆ 3,00,000 ಸಲ ಅಂತಿಟ್ಕೊಳ್ಳಿ, ಅದು ಬದಲಾಗಲ್ಲ. ಇನ್ನೊಂದು ಆ ಕಡ್ಡಿಗೆ ಸೇರಿಕೊಂಡಿರುತ್ತೆ. ನಿಮ್ಮ ಕೈ, ಆ ಕಡ್ಡಿ, ಮಧ್ಯೆ ಗಾಳಿ, ಇಷ್ಟು ಸೇರಿದ್ರೆ ಒಂದು ಪುಟಾಣಿ ಕೆಪಾಸಿಟರ್, ಅಂದ್ರೆ ವಿದ್ಯುತ್ ಚಾರ್ಜ್ ಹಿಡಿದಿಡೋ ಭಾಗ ಆಯ್ತು. ಕೈ ಹತ್ತಿರ ತಂದಂಗೆ ಅದರ ಕೆಪಾಸಿಟೆನ್ಸ್ (ಚಾರ್ಜ್ ಹಿಡಿಯೋ ಶಕ್ತಿ) ಒಂದು ಚೂರು ಜಾಸ್ತಿ ಆಗುತ್ತೆ, ಆಗ ಆ ಎರಡನೇ ಆಸಿಲೇಟರ್ ಸ್ವಲ್ಪ ನಿಧಾನ ಆಗಿ 2,99,560ಕ್ಕೆ ಇಳಿಯಿತು ಅನ್ನಿ. ಎರಡನ್ನೂ ಬೆರೆಸಿದಾಗ ವ್ಯತ್ಯಾಸ 440, ಸ್ಪೀಕರಲ್ಲಿ ಕೇಳಿಸೋದು ಅದೇ. ಕೈ ಇನ್ನೂ ಹತ್ತಿರ ಹೋದ್ರೆ ವ್ಯತ್ಯಾಸ ಬೆಳೆಯುತ್ತೆ, ಸ್ವರ ಮೇಲೇರುತ್ತೆ. ಎಡಗೈದು ಇದರ ಉಲ್ಟಾ, ಲೂಪಿಗೆ ಹತ್ತಿರ ಇಳಿಸಿದ್ರೆ ಸದ್ದು ಅಡಗುತ್ತೆ, ಎತ್ತಿದ್ರೆ ಜೋರಾಗುತ್ತೆ.

ಇದು ಸಂಗೀತಕ್ಕೆ ಅಂತ ಹುಟ್ಟಿದ್ದೇ ಅಲ್ಲ. 1920ರ ಆಸುಪಾಸಲ್ಲಿ ರಷ್ಯಾದ ಪೆಟ್ರೋಗ್ರಾಡಲ್ಲಿ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಲೆವ್ ಟರ್ಮೆನ್ ಅನ್ನೋ ಫಿಸಿಕ್ಸ್‌ನವನು ಅನಿಲಗಳ ಗುಣ ಅಳೆಯೋ ಉಪಕರಣ ಮಾಡ್ತಿದ್ದಾಗ, ಕೈ ಹತ್ತಿರ ಹೋದ್ರೆ ಅದರ ಸದ್ದು ಏರಿಳಿಯೋದು ಗೊತ್ತಾಯ್ತು. ಮನುಷ್ಯನಿಗೆ ಚೆಲ್ಲೋ (ದೊಡ್ಡ ಪಿಟೀಲಿನ ಥರದ ವಾದ್ಯ) ಬೇರೆ ಬರ್ತಿತ್ತು, ಬಿಡ್ತಾನಾ, ರಾಗ ನುಡಿಸೋಕೆ ಶುರು ಮಾಡ್ದ. 1922ರಲ್ಲಿ ಲೆನಿನ್ ಮುಂದೇನೂ ನುಡಿಸಿ ತೋರಿಸಿದ್ದ. ಆಮೇಲೆ ಅಮೆರಿಕದಲ್ಲಿ ಆರ್‌ಸಿಎ ಕಂಪನಿ ಸುಮಾರು 500 ಥೆರೆಮಿನ್ ಮಾಡಿ ಯಾರು ಬೇಕಾದ್ರೂ ನುಡಿಸಬಹುದು ಅನ್ನೋ ಥರ ಜಾಹೀರಾತು ಕೊಟ್ಟು ಮಾರೋಕೆ ಹೋಯ್ತು, ಹೆಚ್ಚು ದಿನ ನಡೀಲಿಲ್ಲ. ಒಂದು ಸಲ ಅದರ ಮುಂದೆ ನಿಂತೋರಿಗೆ ಅದರಲ್ಲಿ ಆಶ್ಚರ್ಯ ಏನೂ ಅನ್ಸಲ್ಲ.

ಯಾಕಂದ್ರೆ ಹಿಡ್ಕೊಳ್ಳೋಕೆ ಏನೂ ಇಲ್ಲ. ಕೀಬೋರ್ಡಲ್ಲಿ ಸ್ವರ ಅದರ ಜಾಗದಲ್ಲಿ ಕೂತಿರುತ್ತೆ, ಪಿಟೀಲಲ್ಲಿ ಕೊನೇಪಕ್ಷ ಬೆರಳಿಗೆ ತಂತಿ ಸಿಗುತ್ತೆ, ಇಲ್ಲಿ ಬರೀ ಗಾಳಿ. ಅದೂ ಅಳತೆ ಒಂದೇ ಸಮ ಇರಲ್ಲ, ಕಡ್ಡಿಯಿಂದ ದೂರ ಇದ್ದಾಗ ಮುಂದಿನ ಸ್ವರಕ್ಕೆ ಕೈ ಚೆನ್ನಾಗೇ ಸರಿಸಬೇಕು, ಹತ್ತಿರ ಹೋದ್ರೆ ಬೆರಳು ಮಿಸುಕಿದ್ರೂ ಸ್ವರ ದಾಟಿ ಹೋಗಿರುತ್ತೆ. ಇನ್ನೊಂದು, ಅದಕ್ಕೆ ನಿಮ್ಮ ಕೈ ಯಾವುದು ತಲೆ ಯಾವುದು ಅನ್ನೋ ಭೇದ ಇಲ್ಲ, ಪೂರ್ತಿ ಮೈಯನ್ನೇ ಲೆಕ್ಕಕ್ಕೆ ತಗೊಳ್ಳುತ್ತೆ. ಒಂದಿನ ಕಷ್ಟಪಟ್ಟು ಒಂದು ಉದ್ದದ ಸ್ವರ ಅಲ್ಲಾಡದಂಗೆ ಹಿಡಿದಿದ್ದೆ, ನಮ್ಮಕ್ಕ ಏನೋ ಕೇಳೋಕೆ ಅಂತ ಪಕ್ಕಕ್ಕೆ ಬಂದು ನಿಂತ್ಳು ನೋಡಿ, ನಾನು ಕದಲೇ ಇಲ್ಲ, ಸ್ವರ ಮಾತ್ರ ಮೆಲ್ಲಗೆ ಮೇಲಕ್ಕೆ ಜಾರ್ತು. ಅವಳು ಹಿಂದೆ ಹೋದ್ಳು, ಅದೂ ಇಳೀತು. ಆಮೇಲೆ ಹತ್ತು ನಿಮಿಷ ಅವಳು ಹಿಂದೆ ಮುಂದೆ ಓಡಾಡಿಕೊಂಡು ನನಗಿಂತ ಚೆನ್ನಾಗಿ ನುಡಿಸಿದ್ಳು.

ನುರಿತೋರು ಇದಕ್ಕೆ ಮಾಡೋದು ಏನಂದ್ರೆ, ಕೈ ಎಳೆದಾಡಲ್ಲ. ಹೆಬ್ಬೆರಳು ತೋರುಬೆರಳು ಜೋಡಿಸಿ, ಮುಷ್ಟಿ ಮುಚ್ಚಿದಾಗ ಒಂದು ಸ್ವರ, ಮಿಕ್ಕ ಬೆರಳು ಒಂದೊಂದಾಗಿ ಕಡ್ಡಿ ಕಡೆ ಬಿಚ್ಚಿದಂಗೆ ಮುಂದಿನ ಸ್ವರಗಳು. ಈ ಥರದ ಬೆರಳ ಕ್ರಮವನ್ನ ಬೆಳೆಸಿದ್ದು ಕ್ಲಾರಾ ರಾಕ್‌ಮೋರ್, ಪಿಟೀಲು ನುಡಿಸ್ತಿದ್ದೋರು, ಕೈ ತೊಂದರೆ ಆಗಿ ಅದನ್ನ ಬಿಟ್ಟು ಇದಕ್ಕೆ ಬಂದ್ರು. ಆದ್ರೂ ಸ್ವರದಿಂದ ಸ್ವರಕ್ಕೆ ಹೋಗೋವಾಗ ಮಧ್ಯದ ಜಾರು ಇದ್ದೇ ಇರುತ್ತೆ, ಬೇಡ ಅಂದ್ರೆ ಆ ಕ್ಷಣಕ್ಕೆ ಸರಿಯಾಗಿ ಎಡಗೈ ತಗ್ಗಿಸಿ ಸದ್ದು ಮುಚ್ಚಬೇಕು. ಬಲಗೈ ಒಂದು ತಾಳ, ಎಡಗೈ ಒಂದು ತಾಳ, ನನಗೆ ಇವತ್ತಿಗೂ ವೇಗದ ಹಾಡು ಕೂರಲ್ಲ.

ಶುರು ಮಾಡೋದಾದ್ರೆ ದಿನಾ ಮೊದ್ಲು ಶ್ರುತಿ ಮಾಡ್ಕೊಳ್ಳಿ, ಕೈ ಭುಜದ ಹತ್ರ ಇಟ್ಟಾಗ ಸ್ವರ ಇಳಿದು ಇಳಿದು ಸದ್ದೇ ನಿಲ್ಲೋ ಹಂಗೆ ಪಿಚ್ ನಾಬ್ ತಿರುಗಿಸಿ, ಆಮೇಲೆ ಕಾಲು ಕದಲಿಸಬೇಡಿ. ಫೋನಲ್ಲಿ ಒಂದೇ ಸ್ವರದ ಡ್ರೋನ್ (ತಂಬೂರಿ ಥರ ಎಡೆಬಿಡದೆ ಕೇಳೋ ಶ್ರುತಿ) ಹಾಕ್ಕೊಂಡು ಅದಕ್ಕೆ ಸೇರಿಸೋದನ್ನೇ ಅಭ್ಯಾಸ ಮಾಡಿ, ಸ್ವರ ಸರಿ ಇದ್ಯಾ ತೋರಿಸೋ ಟ್ಯೂನರ್ ನೋಡ್ತಾ ಕೂತ್ರೆ ಅದು ತೋರಿಸೋ ಹೊತ್ತಿಗೆ ಅಪಸ್ವರ ಎಲ್ರಿಗೂ ಕೇಳಿ ಆಗಿರುತ್ತೆ. ಇನ್ನು ಕೊಳ್ಳೋ ಮುಂಚೆ ಎರಡು ಆಂಟೆನಾ ಇದ್ಯಾ ನೋಡಿ. ಒಂದೇ ಇರೋ ಆಟಿಕೆ ಥರದ್ದೂ ಸಿಗುತ್ತೆ, ಅದ್ರಲ್ಲಿ ಎಡಗೈಗೆ ಕೆಲಸಾನೇ ಇಲ್ಲ, ಎರಡು ಸ್ವರದ ಮಧ್ಯೆ ಉಸಿರು ಬಿಡೋಕೂ ಆಗಲ್ಲ.