ಎದುರು ಗೋಡೆಯ ಬಿಸಿಲು

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು, ಅಳಿಯ ಅಮೆರಿಕದ ಫೀನಿಕ್ಸ್‌ನಲ್ಲಿದ್ದಾರೆ. ಅಕ್ಟೋಬರ್ ಕೊನೆಗೆ ಹೋಗಿ, ಎಂಟು ದಿನ ಕಾರಿನಲ್ಲಿ ಗ್ರ್ಯಾಂಡ್ ಕ್ಯಾನಿಯನ್, ಆಂಟಿಲೋಪ್ ಕ್ಯಾನಿಯನ್, ಮಾನ್ಯುಮೆಂಟ್ ವ್ಯಾಲಿ, ಆರ್ಚಸ್, ಬ್ರೈಸ್, ಜಯಾನ್ ಎಲ್ಲ ನೋಡೋಣವೆಂದು ಅಳಿಯಂದಿರು ಪಟ್ಟಿ ಮಾಡಿದ್ದಾರೆ. ಫೋಟೋ ಹುಚ್ಚು ನನ್ನೊಬ್ಬನಿಗೇ. ಯಾವ ಲೆನ್ಸ್ ಒಯ್ಯಲಿ? ಹಳದಿ ಎಲೆ ಸಿಕ್ಕೀತೇ?
– ಓದುಗರು, ಜಯನಗರ

ಮೇಷ್ಟ್ರೇ, ಲೆನ್ಸ್ ಆಮೇಲೆ. ಮೊದಲು ಆ ಪಟ್ಟಿಯಿಂದ ಆರ್ಚಸ್ ಹೊಡೆದುಹಾಕಿ. ಜಯಾನ್‌ನಿಂದ ಅಲ್ಲಿಗೆ ಐನೂರು ಕಿಲೋಮೀಟರಿಗೂ ಮೇಲೆ, ಹೋಗಿ ಬರುವುದರಲ್ಲಿ ಎರಡು ಹಗಲು ಕಾರಿನಲ್ಲೇ ಕಳೆದುಹೋಗುತ್ತೆ. ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚಿನಲ್ಲಿ ಒಂದು ರಾತ್ರಿ, ಆಂಟಿಲೋಪ್ ಪಕ್ಕದ, ಅರಿಜೋನಾದ ಪೇಜ್ ಎಂಬ ಊರಲ್ಲಿ ಎರಡು, ಜಯಾನ್ ಬಾಗಿಲಿನ ಸ್ಪ್ರಿಂಗ್‌ಡೇಲ್‌ನಲ್ಲಿ ನಾಲ್ಕು. ಅಳಿಯಂದಿರು ಮುಖ ಸಿಂಡರಿಸಿದರೆ ನನ್ನ ಹೆಸರು ಹೇಳಿ.

ಜಯಾನ್‌ಗೆ ನಾಲ್ಕು ಯಾಕೆ ಅಂದರೆ ನೀವು ಕೇಳಿದ ಹಳದಿ ಎಲೆ ಇರುವುದು ಅಲ್ಲಿ. ಎತ್ತರದ ಜಾಗಗಳ ಆಸ್ಪೆನ್ ಮರಗಳು ಅಷ್ಟರಲ್ಲಿ ಬೋಳಾಗಿರುತ್ತವೆ. ಕಣಿವೆಯ ತಳದಲ್ಲಿ ವರ್ಜಿನ್ ನದಿಯ ದಡಕ್ಕಿರುವ ಕಾಟನ್‌ವುಡ್ ಮರಗಳು ಮಾತ್ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದ ಆಸುಪಾಸಿನಲ್ಲಿ ಹಣ್ಣಾಗುತ್ತವೆ. ಅದರ ಎಲೆ ನಮ್ಮ ಅರಳಿ ಎಲೆಯ ದೂರದ ನೆಂಟನ ಹಾಗೆ, ಗಾಳಿ ಇಲ್ಲ ಅಂದುಕೊಂಡಾಗಲೂ ನಡುಗುತ್ತಿರುತ್ತೆ. ನಾನು ಮೊದಲ ದಿನ ಟ್ರೈಪಾಡ್ ನಂಬಿ ಅರ್ಧ ಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟೆ. ಬಂಡೆ ಚೂಪಾಗಿ ಬಂತು, ಮರ ಮಾತ್ರ ಕಲಸಿದ ಕೇಸರಿಬಾತು. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, ಏರಿಸಿ. ಶಟರ್ ಸೆಕೆಂಡಿನ 1/250ಕ್ಕಿಂತ ನಿಧಾನ ಮಾಡಬೇಡಿ.

ಇನ್ನು ಬೆಳಕು. ಅಂಚಿನ ಮೇಲೆ ನಿಂತು ನೋಡುವ ಗ್ರ್ಯಾಂಡ್ ಕ್ಯಾನಿಯನ್, ಬ್ರೈಸ್‌ಗೆ ನಸುಕಿನಲ್ಲೇ ಏಳಬೇಕು, ಸರಿ. ಜಯಾನ್‌ನಲ್ಲಿ ನೀವು ನಿಂತಿರುವುದು ಆರುನೂರು ಮೀಟರ್ ಎತ್ತರದ ಗೋಡೆಗಳ ಬುಡದಲ್ಲಿ. ಅಲ್ಲಿಗೆ ಸೂರ್ಯ ಇಣುಕುವುದೇ ತಡವಾಗಿ. ಬಸವನಗುಡಿಯ ನಮ್ಮ ಹಳೇ ಮನೆಯ ಅಡುಗೆಮನೆಗೂ ಬಿಸಿಲು ಬೀಳುತ್ತಿರಲಿಲ್ಲ. ಎದುರು ಮನೆಯವರು ಗೋಡೆಗೆ ಕಾವಿ ಬಣ್ಣ ಹೊಡೆಸಿದ ವರ್ಷ, ಬೆಳಗ್ಗೆ ಹತ್ತರ ಹೊತ್ತಿಗೆ ಅಮ್ಮನ ಸ್ಟೀಲ್ ಡಬ್ಬಗಳೆಲ್ಲ ಕೆಂಪಗೆ ಕೂತಿರುತ್ತಿದ್ದವು. ಕಣಿವೆಯಲ್ಲೂ ಅದೇ. ಒಂದು ಗೋಡೆಗೆ ಬಿಸಿಲು ಬಡಿದಾಗ ಅದನ್ನು ಬಿಟ್ಟು, ನೆರಳಲ್ಲಿರುವ ಎದುರು ಗೋಡೆಯ ಕಡೆ ತಿರುಗಿ. ಒಳಗೆ ಕೆಂಡ ಇಟ್ಟ ಹಾಗೆ ಹೊಳೆಯುತ್ತೆ. ಆ ಹೊಳಪಿನ ಮುಂದೆ ಒಂದು ಹಳದಿ ಮರ ಸಿಕ್ಕರೆ ಅಲ್ಲೇ ಕೂತುಬಿಡಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿಟ್ಟರೆ ಕ್ಯಾಮೆರಾ ಆ ಕೆಂಪನ್ನೇ ದೋಷ ಅಂದುಕೊಂಡು ತೊಳೆದುಹಾಕುತ್ತೆ. ಡೇಲೈಟ್‌ಗೆ ಕಟ್ಟಿಹಾಕಿ, ಬಣ್ಣ ಆಮೇಲೆ ತಿದ್ದಲು ಬರುವ ರಾ ಫೈಲ್‌ನಲ್ಲೇ ತೆಗೆಯಿರಿ.

ಲೆನ್ಸ್ ಎರಡು ಸಾಕು: 24-70, 70-200. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ದೂರದ್ದನ್ನು ಹತ್ತಿರ ಎಳೆಯುವ ಎರಡನೆಯದೇ. ಆಂಟಿಲೋಪ್ ಎಂಬ ಇಕ್ಕಟ್ಟು ಕಮರಿ ನವಾಹೋ ಎಂಬ ಅಲ್ಲಿನ ಮೂಲನಿವಾಸಿ ಜನರ ನೆಲ, ಅವರ ಗೈಡ್ ಜೊತೆಗೇ ಹೋಗಬೇಕು, ಮೊದಲೇ ಬುಕ್ ಮಾಡಬೇಕು, ಟ್ರೈಪಾಡ್ ಬಿಡುವುದಿಲ್ಲ. ಕ್ಯಾಲೆಂಡರಿನಲ್ಲಿ ಕಾಣುವ ಆ ಬೆಳಕಿನ ಕಂಬ ಬೇಸಿಗೆಯ ನೆತ್ತಿ ಸೂರ್ಯನದು, ಅಕ್ಟೋಬರ್ ಕೊನೆಗೆ ಇರುವುದಿಲ್ಲ. ಮೋಸ ಹೋದೆ ಅಂತ ಬೇಸರ ಬೇಡ, ಗೋಡೆಯ ಹೊಳಪಿಗೆ ಹೋಗಿ.

ಗಡಿಯಾರದ ಬಗ್ಗೆ ಎಚ್ಚರ. ಅರಿಜೋನಾ ಬೇಸಿಗೆಗೆ ಗಡಿಯಾರ ಮುಂದೆ ತಳ್ಳುವುದಿಲ್ಲ. ಜಯಾನ್, ಬ್ರೈಸ್ ಇರುವ ಯೂಟಾ ತಳ್ಳುತ್ತೆ. ಅರಿಜೋನಾದೊಳಗಿನ ನವಾಹೋ ನಾಡೂ ತಳ್ಳುತ್ತೆ. ಹಾಗಾಗಿ ನವೆಂಬರ್ ಮೊದಲ ಭಾನುವಾರದವರೆಗೆ ಪೇಜ್‌ನಲ್ಲಿ ಮೂರಾದರೆ ಮಾನ್ಯುಮೆಂಟ್ ವ್ಯಾಲಿಯಲ್ಲಿ ನಾಲ್ಕು. ಆಂಟಿಲೋಪ್ ಟೂರಿಗೆ ಮಾತ್ರ ಪೇಜ್ ಟೈಮೇ. ನಾನು ಪೇಜ್‌ನಿಂದ ಮಾನ್ಯುಮೆಂಟ್ ವ್ಯಾಲಿಗೆ ಎರಡು ಗಂಟೆ ಕಾರು ಓಡಿಸಿ, ಮೂರೂವರೆಯ ಜೀಪಿಗೆ ಮೂರೂಕಾಲಿಗೇ ಬಂದೆ ಅಂತ ಬೀಗುತ್ತಾ ಇಳಿದೆ. ಕೌಂಟರಿನ ಹೆಂಗಸು ಮಾತಾಡದೆ ಗೋಡೆ ಗಡಿಯಾರ ತೋರಿಸಿದರು. ನಾಲ್ಕೂಕಾಲು. ಜೀಪೂ ಹೋಗಿತ್ತು, ಕೊಟ್ಟ ಡಾಲರೂ ಹೋಗಿತ್ತು. ಈಗಲೂ ನಾನು ‘ಐದು ನಿಮಿಷ, ಬಂದೆ’ ಅಂದರೆ ನಮ್ಮನೆಯವರು ‘ಯಾವ ಟೈಮು, ಪೇಜ್ ಟೈಮಾ?’ ಅಂತಾರೆ.

ಸ್ವೆಟರ್ ಮರೆಯಬೇಡಿ. ಬ್ರೈಸ್ ಅಂಚು 2,400 ಮೀಟರಿಗೂ ಎತ್ತರ, ಬೆಳಗ್ಗೆ ನೀರು ಹೆಪ್ಪುಗಟ್ಟುವ ಚಳಿ. ಚಳಿಗೆ ಬ್ಯಾಟರಿ ಬೇಗ ಸಾಯುತ್ತೆ, ಒಂದನ್ನು ಒಳಜೇಬಿನಲ್ಲಿಡಿ. ವಿಮಾನದಲ್ಲಿ ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಲಿ.

ಪ್ರಶ್ನೆ: ಅಲ್ಲಿ ಡ್ರೋನ್ ಹಾರಿಸಬಹುದೇ?
– ಓದುಗರು, ಮಲ್ಲೇಶ್ವರ

ಇಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ನಿಷೇಧ. ಮನೆಯಲ್ಲೇ ಬಿಟ್ಟು ಹೋಗಿ, ತೂಕವಾದರೂ ಉಳಿಯುತ್ತೆ.

ಪ್ರಶ್ನೆ: ವೀಸಾ ಸಿಗಲಿಲ್ಲ, ಕೈಯಲ್ಲಿ ಅಷ್ಟು ದುಡ್ಡೂ ಇಲ್ಲ. ಕಮರಿಯ ಫೋಟೋ ತೆಗೆಯುವ ಆಸೆ ಮಾತ್ರ ಇದೆ.
– ಓದುಗರು, ಯಲಹಂಕ

ಹಾಗಾದರೆ ನಿಮಗೆ ಗಂಡಿಕೋಟ. ಆಂಧ್ರದ ಕಡಪ ಜಿಲ್ಲೆ, ಜಮ್ಮಲಮಡುಗು ಹತ್ತಿರ, ಬೆಂಗಳೂರಿನಿಂದ ಸುಮಾರು 280 ಕಿಲೋಮೀಟರ್. ಬಾಗೇಪಲ್ಲಿ, ಕದಿರಿ, ಪುಲಿವೆಂದುಲ ಮೇಲೆ ಹೋಗಿ. ಅಲ್ಲಿ ಕೆಂಪು ಬಂಡೆ ಸೀಳಿಕೊಂಡು ಹರಿಯುವ ಪೆನ್ನಾ ಬೇರೆ ಯಾರೂ ಅಲ್ಲ, ನಿಮ್ಮ ಪಕ್ಕದ ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ, ಬೇಸಿಗೆಯಲ್ಲಿ ಬಂಡೆ ಬಾಣಲೆಯಾಗುತ್ತೆ. ಕೋಟೆಯೊಳಗೆ ಮಾಧವರಾಯ ದೇಗುಲ, ಜಾಮಿಯಾ ಮಸೀದಿ ಎರಡೂ ಇವೆ, ಸಂಜೆಯನ್ನು ಅವಕ್ಕಿಡಿ. ಬೆಳಗ್ಗೆ ಎಲ್ಲರೂ ಸೂರ್ಯೋದಯದ ಸೆಲ್ಫಿ ಮುಗಿಸಿ ಟೀ ಹುಡುಕಿಕೊಂಡು ಹೋಗುತ್ತಾರೆ. ನೀವು ಫ್ಲಾಸ್ಕ್‌ನಲ್ಲಿ ಕಾಫಿ ತುಂಬಿಸಿಕೊಂಡು ಹೋಗಿ, ಅಲ್ಲೇ ಇನ್ನೊಂದು ಗಂಟೆ ಕೂತಿರಿ, ಮೇಷ್ಟ್ರಿಗೆ ಹೇಳಿದ ಎದುರು ಗೋಡೆ ನೋಡುತ್ತಾ. ಅಂಚಿಗೆ ಎಲ್ಲ ಕಡೆ ಕಟಾಂಜನ ಇಲ್ಲ. ಟ್ರೈಪಾಡಿನ ಮೂರು ಕಾಲಿಗಿಂತ ನಿಮ್ಮ ಎರಡು ಕಾಲು ಒಂದು ಗಜ ಹಿಂದೆಯೇ ಇರಲಿ.